ಬಲಗಣ್ಣು, ಎಡಗಣ್ಣು, ಷರಾ

ನನ್ನ ಅಣ್ಣ ಮೊಸರಲ್ಲಿ ಕಲ್ಲು ಹುಡುಕುವ ಪೈಕಿ. ಅದೂ ಎಂಥ ಮೊಸರು ಅಂತೀರಿ! ಟೀವಿಯಲ್ಲಿ ಬರುವ ಕಾರ್ಟೂನು, ಬಾಹ್ಯಾಕಾಶದ ಧಾರಾವಾಹಿ, ಮಾತಾಡುವ ರೋಬೋಟು, ಎರಡು ತಲೆಯ ಅನ್ಯಗ್ರಹದವರು. ಐವತ್ತೆರಡು ವರ್ಷದ ಗಂಡಸು ಸಂಜೆ ಕೆಲಸದಿಂದ ಬಂದು, ಮುಖ ತೊಳೆದು, ಚಹಾದ ಲೋಟ ಹಿಡಿದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದರ ಮುಂದೆ ಕೂರುತ್ತಿದ್ದ. ತೊಡೆಯ ಮೇಲೆ ಉದ್ದನೆಯ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್ಲು. ಎಪಿಸೋಡು ಮುಗಿದ ಮೇಲೆ ಹತ್ತು ನಿಮಿಷ ಅವನನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಆ ಹತ್ತು ನಿಮಿಷದಲ್ಲಿ ಮನೆಗೆ ಬೆಂಕಿ ಬಿದ್ದರೂ ಅವನು ವಾಕ್ಯ ಮುಗಿಸಿಯೇ ಏಳುವವನು.

ಪುಸ್ತಕ ಎಂದರೆ ಕನ್ನಡಕದ ಅಂಗಡಿಯ ಹಳೆಯ ಆರ್ಡರ್ ಬುಕ್ಕು. ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಇಪ್ಪತ್ತೊಂಬತ್ತು ವರ್ಷ ಗಾಜಿಗೆ ಸಾಣೆ ಹಿಡಿದ. ನೀರು ತೊಟ್ಟಿಕ್ಕುವ ಕಲ್ಲು ಗಿರ್ರೆಂದು ತಿರುಗುತ್ತಿರುತ್ತದೆ, ಅದಕ್ಕೆ ಗಾಜಿನ ಅಂಚನ್ನು ಒತ್ತಿ ಫ್ರೇಮಿಗೆ ಕೂರುವಷ್ಟು ಸವೆಸಬೇಕು. ಕೂದಲೆಳೆಯಷ್ಟು ಹೆಚ್ಚು ಸವೆದರೆ ಗಾಜು ಕಳಚಿ ಬೀಳುತ್ತದೆ, ಕಡಿಮೆ ಸವೆದರೆ ಫ್ರೇಮು ಬಿಗಿಯಾಗಿ ಗಾಜು ಬಿರಿಯುತ್ತದೆ. ಅವನ ಹೆಬ್ಬೆರಳಿನ ಚರ್ಮ ಬಿಳಿಚಿ, ರೇಖೆಗಳೇ ಅಳಿಸಿಹೋಗಿದ್ದವು. ಅಂಗಡಿಯವರು ಎಸೆದ ಆರ್ಡರ್ ಬುಕ್ಕುಗಳ ಖಾಲಿ ಹಾಳೆಗಳನ್ನು ಮನೆಗೆ ತರುತ್ತಿದ್ದ. ಪ್ರತಿ ಹಾಳೆಯಲ್ಲೂ ಮೂರು ಕಾಲಮ್ಮು ಅಚ್ಚಾಗಿರುತ್ತಿತ್ತು: ಬಲಗಣ್ಣು, ಎಡಗಣ್ಣು, ಷರಾ. ಗಿರಾಕಿಯ ಹೆಸರಿರಬೇಕಾದ ಕಡೆ ಅಣ್ಣ ಎಪಿಸೋಡಿನ ನಂಬರು ಬರೆಯುತ್ತಿದ್ದ. ಬಲಗಣ್ಣಿನ ಕೆಳಗೆ ಅದರ ಗುಣ, ಎಡಗಣ್ಣಿನ ಕೆಳಗೆ ಅದರ ದೋಷ. ಷರಾದಲ್ಲಿ ತೀರ್ಪು.

ಬಲಗಣ್ಣು ಬಹಳ ಸಲ ಖಾಲಿ. ಎಡಗಣ್ಣು ಉಕ್ಕಿ ಹರಿದು ಹಾಳೆಯ ಹಿಂಬದಿಗೂ ಹೋಗುತ್ತಿತ್ತು. "ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಸ್ಫೋಟದ ಸದ್ದು ಯಾರ ಕಿವಿಗೆ ಬಿತ್ತು?" "ಕಾರ್ಟೂನಿನ ಎಲ್ಲರಿಗೂ ಕೈಗೆ ನಾಲ್ಕೇ ಬೆರಳು. ಐದನೆಯದನ್ನು ಬರೆಯುವವನು ರಜೆಯ ಮೇಲೆ ಹೋಗಿದ್ದಾನೆಯೇ?" "ಈ ರೋಬೋಟಿಗೆ ಅಳು ಬರುತ್ತದೆ ಎಂದರೆ ನಂಬುತ್ತೇನೆ. ಅತ್ತ ಮೇಲೆ ಮೂಗು ಒರೆಸಿಕೊಳ್ಳುತ್ತದೆ ಎಂದರೆ ನಂಬುವುದಿಲ್ಲ. ಮೂಗೇ ಇಲ್ಲ." ಒಂದು ಹಾಳೆ ನನಗೆ ಬಾಯಿಪಾಠ: "ಇನ್ನು ಮುನ್ನೂರು ವರ್ಷದ ನಂತರದ ಕಥೆ. ಹಡಗಿನಲ್ಲಿ ಮುದುಕರಿದ್ದಾರೆ, ಒಬ್ಬರಿಗೂ ಕನ್ನಡಕವಿಲ್ಲ. ಹಾಗಾದರೆ ನಮ್ಮ ಕಸುಬು ಯಾವ ವರ್ಷ ಸತ್ತಿತು? ಅದನ್ನು ಯಾರೂ ಹೇಳುವುದಿಲ್ಲ."

ಷರಾ ಕಾಲಮ್ಮಿನ ಲೆಕ್ಕ ಮಾತ್ರ ಲೋಕಕ್ಕಿಂತ ಉಲ್ಟಾ. ಅತಿ ದೊಡ್ಡ ಮೆಚ್ಚುಗೆ ಎಂದರೆ "ಇನ್ನೊಮ್ಮೆ ನೋಡಬೇಕು". ಹತ್ತೊಂಬತ್ತು ವರ್ಷದಲ್ಲಿ ಅದು ಸಿಕ್ಕಿದ್ದು ಏಳು ಎಪಿಸೋಡಿಗೆ. ಆ ಏಳಕ್ಕೂ ಎಡಗಣ್ಣಿನಲ್ಲಿ ಬೈಗುಳದ ಸುರಿಮಳೆ ಇರುತ್ತಿತ್ತು. ಇಷ್ಟವಾದದ್ದನ್ನೇ ಅವನು ಕೂತು ಬೈಯುತ್ತಿದ್ದದ್ದು. ತೀರಾ ಹದಗೆಟ್ಟ ಎಪಿಸೋಡಾದರೆ ಎರಡು ಕಣ್ಣೂ ಖಾಲಿ ಬಿಟ್ಟು, ಷರಾದಲ್ಲಿ ಒಂದೇ ಮಾತು ಬರೆಯುತ್ತಿದ್ದ: "ಪರವಾಗಿಲ್ಲ."

ನಾನು ಮೊದಲ ಸಲ ಓದಿದಾಗ ಕೇಳಿದ್ದೆ. "ಪರವಾಗಿಲ್ಲ ಅಂದ್ರೆ ಚೆನ್ನಾಗೇ ಇದೆ ಅಂತ ತಾನೇ?"

"ಅಲ್ಲ ಕಣೇ ಗಲಾಟೆ," ಅಂದ. ಗಲಾಟೆ ಎಂದರೆ ನಾನು. ಹುಟ್ಟಿದ ದಿನದಿಂದ ಅವನು ನನ್ನನ್ನು ಬೇರೆ ಹೆಸರಿನಿಂದ ಕರೆದವನಲ್ಲ. "ಯಾರಾದ್ರೂ ಕಾಲು ತುಳಿದ್ರೆ ಪರವಾಗಿಲ್ಲ ಅಂತೀವಲ್ಲ, ಆ ಪರವಾಗಿಲ್ಲ. ಯಾರೋ ಪಾಪ ಕೂತು ಒಂದೊಂದೇ ಚಿತ್ರ ಬರ್ದಿರ್ತಾರೆ. ಕೆಟ್ಟೋಗಿದೆ. ಬೈದು ಏನು ಪ್ರಯೋಜನ? ಬಿಟ್ಬಿಟ್ಟೆ ಅಂತ."

ಹೀಗಾಗಿ ಮನೆಯಲ್ಲಿ ಆ ಮಾತಿಗೆ ಬೇರೆಯೇ ತೂಕ ಬಂತು. ಅಣ್ಣ ಗೊಣಗುತ್ತಿದ್ದರೆ ನಾನು ನಿಶ್ಚಿಂತೆಯಿಂದ ಇರುತ್ತಿದ್ದೆ. ಅವನಿಗೆ ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದ ದಿನ ಪರವಾಗಿಲ್ಲ ಅಂದಿದ್ದ, ಆಮೇಲೆ ಇನ್ನೊಂದು ಹುಡುಗಿಯ ಮಾತೆತ್ತಲು ಬಿಡಲಿಲ್ಲ. ನಾನು ಗಂಡನನ್ನು ಬಿಟ್ಟು ಎರಡು ಸೂಟ್‌ಕೇಸಿನೊಂದಿಗೆ ಅವನ ಬಾಗಿಲಲ್ಲಿ ನಿಂತಾಗ ಮಾತ್ರ ಹಾಗೆ ಅನ್ನಲಿಲ್ಲ. "ಸೂಟ್‌ಕೇಸಿನ ಚಕ್ರ ಮುರಿದಿದೆ. ನೋಡಿ ತಗೋಬಾರ್ದಾ?" ಅಂದ. ಅದು ಹನ್ನೊಂದು ವರ್ಷದ ಹಿಂದೆ. ಅಂದಿನಿಂದ ಎರಡು ಕೋಣೆಯ ಆ ಮನೆಯಲ್ಲಿ ನಾವಿಬ್ಬರೇ.

ಹೋದ ವರ್ಷ ಅಂಗಡಿಗೆ ಮೆಷಿನ್ನು ಬಂತು. ಗಾಜನ್ನು ಒಳಗಿಟ್ಟು ಗುಂಡಿ ಒತ್ತಿದರೆ ಮೂರು ನಿಮಿಷಕ್ಕೆ ಅಂಚು ಸವೆದು ಹೊರಗೆ ಬೀಳುತ್ತದೆ. ಮಾಲೀಕರು ಕೆಟ್ಟವರಲ್ಲ. "ನೀವು ವಾರಕ್ಕೆ ಮೂರು ದಿನ ಬನ್ನಿ ಸಾಕು, ಸ್ಕ್ರೂ ಗಿಕ್ರೂ ಟೈಟು ಮಾಡೋ ಕೆಲಸ ಇದ್ದೇ ಇರತ್ತೆ," ಅಂದರಂತೆ. ಅಣ್ಣ ಬಂದು ಚಹಾ ಕುಡಿಯುತ್ತಾ ಸುದ್ದಿ ಹೇಳಿದ. "ಮೆಷಿನ್ನು ಹೇಗಿದೆ?" ಅಂದೆ.

"ಪರವಾಗಿಲ್ಲ," ಅಂದ.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅವನು ಮಾತ್ರ ಉಂಡು, ತಟ್ಟೆ ತೊಳೆದಿಟ್ಟ.

ಇಪ್ಪತ್ತೊಂಬತ್ತು ವರ್ಷ ಬಗ್ಗಿ ಕೂತ ಕತ್ತು, ಕಲ್ಲಿಗೆ ಒತ್ತಿದ ಮಣಿಕಟ್ಟು, ಎರಡೂ ಸೇರಿ, ಕೆಲಸ ಕಡಿಮೆಯಾದ ಮೇಲೆ ಸೇಡು ತೀರಿಸಿಕೊಳ್ಳಲು ಶುರುಮಾಡಿದವು. ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು, ಸಂಜೆ ಒಂದು. ಆಮೇಲೆ ಹೊಟ್ಟೆ ಉರಿ. "ಡಾಕ್ಟರಿಗೆ ತೋರ್ಸು," ಅಂದರೆ, "ನಿಮ್ಮ ಲ್ಯಾಬಿನ ಡಾಕ್ಟರು ಮೇಜಿನ ಮೇಲೆ ಕಾಲು ಹಾಕ್ಕೊಂಡು ಮಾತಾಡ್ತಾರೆ, ಅವರ ಚಪ್ಪಲಿ ನೋಡೋಕೆ ನಾನು ಹೋಗ್ಬೇಕಾ?" ಅನ್ನುತ್ತಿದ್ದ. ಗೊಣಗುತ್ತಿದ್ದಾನಲ್ಲ, ಹಾಗಾದರೆ ಅಷ್ಟೇನಿಲ್ಲ ಅಂದುಕೊಂಡೆ. ನಾನು ಯಾರು ಗೊತ್ತೇ? ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟು ಟೈಪು ಮಾಡುವವಳು. ದಿನಕ್ಕೆ ಎಂಬತ್ತು ಜನರ ರಕ್ತ, ಮೂತ್ರ, ಪಿತ್ತ ನನ್ನ ಬೆರಳ ತುದಿಯಲ್ಲಿ ಹಾದುಹೋಗುತ್ತದೆ. ದೀಪದ ಬುಡದಲ್ಲೇ ಕತ್ತಲು ಎಂದು ಹಿರಿಯರು ನನ್ನನ್ನು ನೋಡಿಯೇ ಹೇಳಿರಬೇಕು.

ಈಗ ಆ ಹಡಗಿನ ಧಾರಾವಾಹಿಯ ವಿಷಯ ಹೇಳಬೇಕು. ಒಂಬತ್ತು ವರ್ಷದಿಂದ ಬರುತ್ತಿತ್ತು. ಮುನ್ನೂರು ಜನ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿ, ನಲವತ್ತು ವರ್ಷದ ನಿದ್ದೆ ಮಾಡುತ್ತಾ ಬೇರೆ ಗ್ರಹಕ್ಕೆ ಹೊರಟಿದ್ದಾರೆ. ಅವರನ್ನು ಕಾಯಲು ಒಬ್ಬಳೇ ಒಬ್ಬಳು ಹೆಂಗಸು ಎಚ್ಚರವಾಗಿದ್ದಾಳೆ. ಪೆಟ್ಟಿಗೆಗಳ ಧೂಳು ಒರೆಸುತ್ತಾಳೆ, ಗಿಡಕ್ಕೆ ನೀರು ಹಾಕುತ್ತಾಳೆ, ಮಲಗಿದವರ ಜೊತೆ ಮಾತಾಡುತ್ತಾಳೆ. ಅಣ್ಣ ಅದನ್ನು ಬೈದಷ್ಟು ಬೇರೆ ಯಾವುದನ್ನೂ ಬೈದಿಲ್ಲ. ಅವನ ಏಳು "ಇನ್ನೊಮ್ಮೆ ನೋಡಬೇಕು"ಗಳಲ್ಲಿ ನಾಲ್ಕು ಅದಕ್ಕೇ ಹೋಗಿದ್ದವು. ಅದರ ಕಡೆಯ ಎಪಿಸೋಡು ಒಂದು ಶನಿವಾರ ಬೆಳಿಗ್ಗೆ ಹನ್ನೊಂದೂವರೆಗೆ ಬರುವುದಿತ್ತು. ತಿಂಗಳಿಂದ ಅದೇ ಜಪ.

ಹಿಂದಿನ ದಿನ, ಶುಕ್ರವಾರ ಸಂಜೆ, ನಾನು ಲ್ಯಾಬಿನಿಂದ ಸುಸ್ತಾಗಿ ಬಂದೆ. ಅನ್ನಕ್ಕೆ ಇಟ್ಟಿರಲಿಲ್ಲ, ಒಗೆದ ಬಟ್ಟೆ ಬಕೆಟ್ಟಿನಲ್ಲೇ ಇತ್ತು, ಅವನು ಹೊಟ್ಟೆಗೆ ದಿಂಬು ಒತ್ತಿಕೊಂಡು ಹಳೆಯ ಎಪಿಸೋಡು ನೋಡುತ್ತಾ ಕೂತಿದ್ದ. ನನಗೆ ಪಿತ್ತ ನೆತ್ತಿಗೇರಿತು.

"ಅಣ್ಣ, ಹತ್ತೊಂಬತ್ತು ವರ್ಷದಿಂದ ಬರೀತಿದ್ದೀಯ. ರೋಬೋಟಿಗೆ ಬರ್ದೆ, ಕಾರ್ಟೂನು ಬೆಕ್ಕಿಗೆ ಬರ್ದೆ. ಜೀವ ಇರೋ ಒಬ್ಬ ಮನುಷ್ಯರ ಬಗ್ಗೆ ಒಂದು ಸಾಲು ಬರ್ದಿದ್ದೀಯಾ? ಹನ್ನೊಂದು ವರ್ಷ ಈ ಮನೇಲಿ ಬೇಯಿಸಿ ಹಾಕಿದ್ದೀನಿ, ನನ್ನ ಬಗ್ಗೆ ಒಂದು ಷರಾ ಇದೆಯಾ ನಿನ್ನ ಪುಸ್ತಕದಲ್ಲಿ?"

ಅವನು ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದ. "ನೀನಿನ್ನೂ ಮುಗ್ದಿಲ್ವಲ್ಲೇ," ಅಂದ. "ಮುಗ್ದ ಮೇಲಲ್ವಾ ಬರೆಯೋದು?"

ತಮಾಷೆಗೇ ಅಂದಿದ್ದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಬಾಗಿಲು ದಡಾರನೆ ಹಾಕಿಕೊಂಡು ಮಲಗಿದೆ. ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ರಿಮೋಟಿನ ಹಿಂಬದಿ ಬಿಚ್ಚಿ ಎರಡೂ ಸೆಲ್ಲು ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ. ನಮ್ಮ ಹಳೆ ಟೀವಿಯ ಗುಂಡಿಗಳು ಸತ್ತು ಎಷ್ಟೋ ಕಾಲವಾಗಿತ್ತು, ರಿಮೋಟಿಲ್ಲದೆ ಅದು ಬರೀ ಕಪ್ಪು ಕನ್ನಡಿ. ನಲವತ್ತಾರು ವರ್ಷದ ಹೆಂಗಸು, ಎರಡು ಸೆಲ್ಲು ಕದ್ದು ಗೆದ್ದವಳ ಹಾಗೆ ಮೆಟ್ಟಿಲಿಳಿದು ಹೋದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಒಂದೂಮುಕ್ಕಾಲಿಗೆ ಊಟದ ಬಿಡುವು. ಎಷ್ಟೇ ಜಗಳವಾಡಿದ್ದರೂ ಆ ಹೊತ್ತಿಗೆ ನಾನು ಮನೆಗೆ ಫೋನು ಮಾಡುವುದು ಹನ್ನೊಂದು ವರ್ಷದ ರೂಢಿ. ಮಾಡಿದೆ.

"ಊಟ ಆಯ್ತಾ?"

"ಇಲ್ಲ."

"ಹೊಟ್ಟೆ ಹೇಗಿದೆ?"

ಅವನ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ, "ಪರವಾಗಿಲ್ಲ," ಅಂದ.

ಆ ಮಾತಿನ ಅರ್ಥ ಗೊತ್ತಿದ್ದವಳು ಭೂಮಿಯ ಮೇಲೆ ನಾನೊಬ್ಬಳೇ. ಬೇರೆ ಯಾರಾದರೂ ಕೇಳಿಸಿಕೊಂಡಿದ್ದರೆ ಓಹೋ ಚೆನ್ನಾಗಿದ್ದಾನೆ ಅಂದುಕೊಂಡು ತಪ್ಪು ಮಾಡುತ್ತಿದ್ದರು. ನಾನು ಆ ತಪ್ಪು ಮಾಡಲಿಲ್ಲ. ಕೆಟ್ಟುಹೋಗಿದೆ, ಬಿಟ್ಟುಬಿಟ್ಟಿದ್ದೇನೆ ಎನ್ನುತ್ತಿದ್ದಾನೆಂದು ಸರಿಯಾಗಿಯೇ ತಿಳಿದುಕೊಂಡೆ. ಆದರೆ ಅವನು ಷರಾ ಬರೆದದ್ದು ನನ್ನ ಮೇಲೆ ಎಂದುಕೊಂಡೆ. ಸೆಲ್ಲು ಕದ್ದು ಅವನ ಒಂಬತ್ತು ವರ್ಷದ ಕಥೆಯ ಕೊನೆ ತಪ್ಪಿಸಿದೆನಲ್ಲ, ಹೊಟ್ಟೆಯ ನೆಪದಲ್ಲಿ ನನಗೆ ಕೊಟ್ಟ ತೀರ್ಪು ಅದು ಎಂದುಕೊಂಡೆ. ಮದುವೆಗೆ, ಮೆಷಿನ್ನಿಗೆ ಹೇಳಿದ ಮಾತನ್ನು ನನಗೂ ಹೇಳಿಬಿಟ್ಟನಲ್ಲ ಎಂದು ಮೈಯೆಲ್ಲ ಉರಿಯಿತು.

"ಓ, ನನಗೂ ಪರವಾಗಿಲ್ವಾ? ಆಯ್ತು, ಹಾಗೇ ಇರ್ಲಿ!"

"ಅಲ್ಲ ಕಣೇ, ಕೇಳು," ಅಂದ. ನಾನು ಇಟ್ಟುಬಿಟ್ಟೆ.

ಅರ್ಧ ಗಂಟೆಯ ಮೇಲೆ ಅವನ ಫೋನು ಬಂತು. ಮೇಜಿನ ಮೇಲೆ ನಡುಗುತ್ತಾ ಬಿದ್ದಿತ್ತು, ನಾನು ಯಾರದೋ ಹಿಮೋಗ್ಲೋಬಿನ್ನು ಟೈಪು ಮಾಡುತ್ತಾ ಅದನ್ನೇ ನೋಡುತ್ತಿದ್ದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಲಿ, ಆಗ ಎತ್ತಿದರಾಯಿತು ಎಂದುಕೊಂಡೆ. ಒಮ್ಮೆ ತಟ್ಟಿದ ಬಾಗಿಲನ್ನು ಎರಡನೇ ಸಲ ತಟ್ಟುವ ಜಾಯಮಾನ ಅವನದಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಲ್ಕಕ್ಕೆ ಲ್ಯಾಬು ಮುಚ್ಚಿತು. ಬೇಕೆಂದೇ ಮನೆಗೆ ಹೋಗದೆ ಅಂಗಡಿ ಅಂಗಡಿ ಸುತ್ತಿದೆ.

ಆರು ಗಂಟೆಗೆ ಬಾಗಿಲು ತೆಗೆದರೆ ಅಣ್ಣ ಕುರ್ಚಿಯಲ್ಲಿ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಮುದುಡಿದ್ದ. ಮುಖ ಬೂದಿಯ ಬಣ್ಣ. ಅಂಗಿ ನೆಂದು ಮೈಗೆ ಅಂಟಿತ್ತು. ಮುಟ್ಟಲು ಹೋದರೆ ಹೊಟ್ಟೆ ಹಲಗೆಯಷ್ಟು ಗಟ್ಟಿ. ಎದುರುಮನೆಯವರು ಓಡಿ ಬಂದು ಅವನನ್ನು ಕುರ್ಚಿ ಸಮೇತ ಎತ್ತಿ ಕೆಳಗಿಳಿಸಿದರು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು, ನನಗೆ ಮಗಳಿದ್ದಿದ್ದರೆ ಅವಳ ವಯಸ್ಸಿನವಳು, ಅವನ ಮೇಲೆ ಬಗ್ಗಿ, "ನೋವು ಹೇಗಿದೆ?" ಎಂದು ಕೇಳಿದಳು.

"ಪರವಾಗಿಲ್ಲ," ಅಂದ.

ಪಕ್ಕದಲ್ಲಿದ್ದ ನರ್ಸು ಹಾಳೆಯ ಮೇಲೆ ಬರೆದುಕೊಳ್ಳಲು ಪೆನ್ನು ಎತ್ತಿದರು. ನಾನು ಕಿರುಚಿಬಿಟ್ಟೆ. "ಬರ್ಕೋಬೇಡಿ! ಅದನ್ನ ಬರ್ಕೋಬೇಡಿ! ಅವನು ಹಾಗಂದ್ರೆ ಹಾಗಲ್ಲ!" ಇಡೀ ವಾರ್ಡು ತಿರುಗಿ ನೋಡಿತು. ನರ್ಸು ನನ್ನ ಭುಜ ಹಿಡಿದು, "ಅಮ್ಮಾ, ನೀವು ಸ್ವಲ್ಪ ಹೊರಗೆ ಇರಿ," ಅಂದರು. ನಾನು ಹೊರಗೆ ಹೋಗುವ ಮೊದಲು ಅಣ್ಣ ನನ್ನ ಕೈಗಾಗಿ ತಡಕಾಡಿದ. ಹತ್ತಿರ ಬಗ್ಗಿದೆ. "ಗಡಿಯಾರ," ಅಂದ. "ಸೆಲ್ಲು." ಹೊತ್ತೆಷ್ಟಾಯಿತು ಎಂದು ಕೇಳುತ್ತಿದ್ದಾನೆ ಅಂದುಕೊಂಡು, "ಏಳೂಕಾಲು ಅಣ್ಣ," ಅಂದೆ. ಅವನು ಕಣ್ಣು ಮುಚ್ಚಿಕೊಂಡ. ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದೇ, ಅದನ್ನೂ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಜಠರದಲ್ಲಿ ತೂತು ಬಿದ್ದಿತ್ತು. ಒಳಗಿನದೆಲ್ಲ ಸೋರಿ ವಿಷವಾಗಿ ಹರಡಿತ್ತು. ಆಪರೇಷನ್ನು ಮಾಡಿದ ದೊಡ್ಡ ಡಾಕ್ಟರು ಟೋಪಿ ತೆಗೆಯುತ್ತಾ, "ಮಧ್ಯಾಹ್ನನೇ ಕರ್ಕೊಂಡು ಬಂದಿದ್ರೆ ಒಳ್ಳೇದಿತ್ತು ನೋಡಿ. ಎರಡು ಗಂಟೆ, ಎರಡೂವರೆ ಒಳಗೆ," ಅಂದರು. ಅವರು ಸುಮ್ಮನೆ ಒಂದು ಮಾತು ಹೇಳಿದ್ದು. ನಾನು ಬ್ಯಾಗಿನಿಂದ ಫೋನು ತೆಗೆದು, ಎತ್ತದೆ ಬಿಟ್ಟ ಕರೆಯ ಹೊತ್ತು ನೋಡಿದೆ. ಎರಡೂಕಾಲಿಗೆ ಅವನ ಫೋನು ನನ್ನ ಮೇಜಿನ ಮೇಲೆ ನಡುಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಅಣ್ಣ ಹೋದ. ಮದುವೆ, ಕಸುಬು, ತಂಗಿಯ ಬಾಯಿ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡವನು ಹೊಟ್ಟೆ ತೂತಾಗಿಯೇ ಸತ್ತ. ಕನ್ನಡಕದ ಅಂಗಡಿಯವರು ಬಂದು ಅತ್ತರು. "ಇಂಥ ಸಾಧು ಮನುಷ್ಯ ಇನ್ನೊಬ್ಬ ಹುಟ್ಟಲ್ಲ. ಏನು ಹೇಳಿದ್ರೂ ಪರವಾಗಿಲ್ಲ ಅಂತಿದ್ರು," ಅಂದರು. ನಾನು ಅವರ ಮುಖ ನೋಡಲಿಲ್ಲ.

ಎಲ್ಲ ಮುಗಿದು, ಬಂದವರು ಹೋದ ಮೇಲೆ, ಒಂದು ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಕೂತಿದ್ದೆ. ಹೊತ್ತು ನೋಡೋಣ ಎಂದು ತಲೆಯೆತ್ತಿದರೆ ಗೋಡೆ ಗಡಿಯಾರ ಹನ್ನೊಂದೂ ಹತ್ತಕ್ಕೆ ನಿಂತಿತ್ತು. ಇಳಿಸಿ ಹಿಂಬದಿ ನೋಡಿದೆ. ಸೆಲ್ಲು ಇರಲಿಲ್ಲ. ಅವನ ಮಂಚದ ಪಕ್ಕದ ಅಲಾರಂ ಗಡಿಯಾರವೂ ಹನ್ನೊಂದೂ ಹತ್ತು. ಅದರಲ್ಲೂ ಸೆಲ್ಲು ಇರಲಿಲ್ಲ. ರಿಮೋಟನ್ನು ಎತ್ತಿಕೊಂಡೆ, ಕೈಗೆ ಭಾರವಾಗಿತ್ತು. ಬಿಚ್ಚಿದರೆ ಎರಡು ಸೆಲ್ಲು ಅಚ್ಚುಕಟ್ಟಾಗಿ ಕೂತಿದ್ದವು.

ಅಂದರೆ ಅವನು ನೋಡಿದ್ದ. ಹನ್ನೊಂದೂವರೆಯ ಎಪಿಸೋಡನ್ನು ಪೂರ್ತಿ ನೋಡಿದ್ದ. ಒಂದೂಮುಕ್ಕಾಲಿಗೆ ನಾನು ಫೋನು ಮಾಡಿದಾಗ ನನ್ನ ಮೇಲೆ ಅವನಿಗೆ ಯಾವ ಸಿಟ್ಟೂ ಇರಲಿಲ್ಲ, ಇರಲು ಕಾರಣವೇ ಇರಲಿಲ್ಲ. ನಾನು ಹೊಟ್ಟೆ ಹೇಗಿದೆ ಎಂದು ಕೇಳಿದೆ. ಅವನು ಹೊಟ್ಟೆ ಹೇಗಿದೆ ಎಂದಷ್ಟೇ ಹೇಳಿದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಮ್ಮ ನನಗೆ ಸಾವಿರ ಸಲ ಹೇಳಿದ್ದಳು. ನನ್ನ ಮೂಗು ನೆಟ್ಟಗಿದೆ. ಹೋದದ್ದು ಅಣ್ಣ.

ಪುಸ್ತಕ ಕುರ್ಚಿಯ ಕೆಳಗೆ ಜಾರಿಬಿದ್ದಿತ್ತು. ಕಡೆಯ ಎಪಿಸೋಡಿನ ಹಾಳೆ ತುಂಬಿಹೋಗಿತ್ತು. ಎಡಗಣ್ಣಿನಲ್ಲಿ ಎಂದಿನ ಹಾಗೆ ಬೈಗುಳ: ಹಡಗು ಇಳಿದ ಗ್ರಹದ ಹುಲ್ಲು ಪ್ಲಾಸ್ಟಿಕ್ಕಿನ ಹಾಗಿದೆ, ಮಲಗಿ ಎದ್ದವರಲ್ಲಿ ಒಬ್ಬರ ತಲೆಕೂದಲೂ ಕೆದರಿಲ್ಲ. ಕೊನೆಗೆ, "ಮುನ್ನೂರು ಜನ ಎದ್ದರು. ಅಷ್ಟು ವರ್ಷ ಕಾದವಳನ್ನು ಊಟ ಆಯಿತಾ ಎಂದು ಒಬ್ಬರೂ ಕೇಳಲಿಲ್ಲ. ಇದು ಬರೆದವರ ತಪ್ಪಲ್ಲದಿದ್ದರೆ ಮನುಷ್ಯರ ತಪ್ಪು." ಅದಕ್ಕೆ ಷರಾ ಬರೆಯದೆ ಬಿಟ್ಟಿದ್ದ.

ಹಾಳೆ ತಿರುವಿದೆ. ಮುಂದಿನದರಲ್ಲಿ ಅಕ್ಷರ ಸೊಟ್ಟಗಿದ್ದವು, ಗೆರೆ ಬಿಟ್ಟು ಕೆಳಕ್ಕೆ ಜಾರಿದ್ದವು. ಎಪಿಸೋಡಿನ ನಂಬರಿನ ಜಾಗದಲ್ಲಿ ಹೀಗಿತ್ತು: "ಗಲಾಟೆ. ನಲವತ್ತಾರನೇ ಸೀಸನ್. ಮುಗಿದಿಲ್ಲ, ಆದರೂ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ."

ಬಲಗಣ್ಣು: "ಊಟ ಆಯಿತಾ ಎಂದು ಕೇಳುತ್ತಾಳೆ."

ಎಡಗಣ್ಣು ಹಾಳೆಯ ತಳದವರೆಗೆ ಇಳಿದು ಹಿಂಬದಿಗೆ ಹೋಗಿತ್ತು. ಅನ್ನಕ್ಕೆ ನೀರು ಹೆಚ್ಚು ಇಡುತ್ತಾಳೆ. ಬಾಗಿಲು ದಡಾರನೆ ಹಾಕುತ್ತಾಳೆ, ಚಿಲಕ ಎರಡು ಸಲ ಬದಲಾಯಿಸಿದ್ದೇನೆ. ಕಥೆಯ ಮಧ್ಯದಲ್ಲಿ ಬಂದು ಇವನ್ಯಾರು ಅವನ್ಯಾರು ಎಂದು ಕೇಳುತ್ತಾಳೆ, ಹೇಳುವಷ್ಟರಲ್ಲಿ ಎದ್ದು ಹೋಗುತ್ತಾಳೆ. ದೂರದ್ದು ಕಾಣುವುದಿಲ್ಲ, ಕನ್ನಡಕ ಮಾಡಿಕೊಡುತ್ತೇನೆಂದರೆ ಬೇಡ ಎನ್ನುತ್ತಾಳೆ. ಸೆಲ್ಲು ಕದಿಯುತ್ತಾಳೆ, ಗಡಿಯಾರದ್ದನ್ನು ಮರೆಯುತ್ತಾಳೆ, ಕಳ್ಳತನವೂ ಪೂರ್ತಿ ಬರುವುದಿಲ್ಲ. ಹೀಗೇ ಇನ್ನೂ ಹದಿನಾಲ್ಕು. ಕಟ್ಟಕಡೆಯದು, ಒತ್ತಿ ಬರೆದದ್ದು, ಪೆನ್ಸಿಲ್ಲಿನ ಮೊನೆ ಮುರಿದಿತ್ತು: "ಪೂರ್ತಿ ಕೇಳದೆ ಫೋನು ಇಡುತ್ತಾಳೆ. ಮಾಡಿದರೆ ಎತ್ತುವುದಿಲ್ಲ."

ಅಂದರೆ ಅದನ್ನು ಬರೆದದ್ದು ಎರಡೂಕಾಲು ಕಳೆದ ಮೇಲೆ. ಷರಾ ಕಾಲಮ್ಮನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಪುಸ್ತಕ ಮುಚ್ಚಿ, ಎದ್ದು ನೀರು ಕುಡಿದು ಬಂದು ಮತ್ತೆ ತೆರೆದೆ. ಪರವಾಗಿಲ್ಲ ಎಂದಿರಬಹುದು ಎಂದುಕೊಂಡಿದ್ದೆ. ಇದ್ದರೆ ಅದು ನ್ಯಾಯವೇ.

"ಇನ್ನೊಮ್ಮೆ ನೋಡಬೇಕು" ಎಂದಿತ್ತು.

ಅವನು ಅದನ್ನು ಬರೆಯುವ ಹೊತ್ತಿಗೆ ನಾನು ಬಟ್ಟೆ ಅಂಗಡಿಯಲ್ಲಿ ನಿಂತು, ದಿಂಬಿನ ಚೀಲಕ್ಕೆ ಯಾವ ಬಣ್ಣ ಒಪ್ಪುತ್ತದೆ ಎಂದು ನೋಡುತ್ತಿದ್ದಿರಬೇಕು.